ಕೆಂಪು ವಾಲ್ವಿಗೆ ಚೆಂಡು ಹೂವಿನ ಮಾಲೆ

ನಮ್ಮ ಮನೆಯಲ್ಲಿ ಬೆಂಕಿಕಡ್ಡಿಗಳಿಗೆ ದಿನಾ ಹಾಜರಿ ಇತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಹಾಜರಿ ತೆಗೆದುಕೊಳ್ಳುತ್ತಿದ್ದವರು ನಮ್ಮ ಭಾವನವರು, ಅಂದರೆ ನಮ್ಮ ಮನೆಯವರ ಅಣ್ಣ. ಸಂಜೆ ದೇವರ ಮುಂದೆ ದೀಪ ಹಚ್ಚಿ ನಾನು ಕಡ್ಡಿಪೊಟ್ಟಣವನ್ನು ಗೂಡಿನಲ್ಲಿ ಇಟ್ಟರೆ ಸಾಕು, ಹಿಂದೆಯೇ ಬಂದು ಕಡ್ಡಿಗಳನ್ನೆಲ್ಲ ಅಂಗೈಗೆ ಸುರಿದುಕೊಂಡು ಎಣಿಸುತ್ತಿದ್ದರು.

“ತಂಗೀ, ಮುಂಜಾನೆ ಮೂವತ್ತೊಂದು ಇದ್ದೂ. ಈಗ ಇಪ್ಪತ್ತೇಳು ಅದಾವು. ಸುಟ್ಟಿದ್ದು ಮೂರು ಇಲ್ಲಿ ಬಿದ್ದಾವು. ನಾಕನೇದು ಎಲ್ಲೈತಿ?”

“ಹಸಿ ಕಡ್ಡಿ ಇತ್ರಿ ಭಾವಾರ, ಹತ್ತಲಿಲ್ಲ. ಒಗದೆ.”

“ಹತ್ತಿದ ಕಡ್ಡಿಗೆ ನಾ ಅಂಜೂದಿಲ್ಲ. ಹತ್ತದ ಕಡ್ಡಿ ಐತಲ್ಲ, ಅದು ಯಾವಾಗ ಎಲ್ಲಿ ಕುಂತು ಹತ್ತತೈತಿ ಯಾರಿಗೆ ಗೊತ್ತು?”

ಕಸದ ಬುಟ್ಟಿ ಕೆದರಿ ಆ ಕಡ್ಡಿ ಹುಡುಕಿ ಕೊಟ್ಟೆ. ಅದನ್ನು ನೀರಿನ ತಂಬಿಗೆಯಲ್ಲಿ ಮುಳುಗಿಸಿ, ಸತ್ತಿದ್ದು ಖಾತ್ರಿಯಾದ ಮೇಲೆ ಊಟಕ್ಕೆ ಕುಳಿತರು. ಒಂದು ಬೆಂಕಿಕಡ್ಡಿಗೆ ಇಷ್ಟು ಮರ್ಯಾದೆಯ ಸಾವು ನಮ್ಮ ಹಾವೇರಿ ಜಿಲ್ಲೆಯಲ್ಲಿ ಮತ್ತೆಲ್ಲೂ ಬಂದಿರಲಿಕ್ಕಿಲ್ಲ.

ಅಗಡಿಯಿಂದ ಮದುವೆಯಾಗಿ ಬ್ಯಾಡಗಿಗೆ ಬಂದ ದಿನವೇ ಇವರ ಪರಿ ನನಗೆ ತಿಳಿದಿತ್ತು. ಹೊಸ್ತಿಲಲ್ಲಿ ಅತ್ತೆ ಆರತಿ ಬೆಳಗುತ್ತಿದ್ದರು. ತಲೆ ತಗ್ಗಿಸಿ ನಿಂತಿದ್ದ ನನಗೆ ಕಂಡದ್ದು ಅತ್ತೆಯ ಹಿಂದೆ ಎರಡು ಗಂಡು ಕಾಲು, ಪಕ್ಕದಲ್ಲಿ ಒಂದು ತುಂಬಿದ ಬಕೆಟ್ಟು. ಹೊಸ ಸೊಸೆಯ ಕಾಲಿಗೆ ನೀರು ಹಾಕಲು ಇರಬೇಕು, ಎಂಥ ಸಂಪ್ರದಾಯಸ್ಥ ಮನೆ ಎಂದು ಮನಸ್ಸಿನಲ್ಲೇ ಶಿವನಿಗೆ ಕೈ ಮುಗಿದೆ. ಅದು ನನ್ನ ಕಾಲಿಗಲ್ಲ. ರೇಷ್ಮೆ ಸೀರೆಗೆ ಕಿಡಿ ಹಾರಿದರೆ ನನ್ನ ಮೈಮೇಲೆ ಸುರಿಯಲಿಕ್ಕೆ. ಎದುರು ಮನೆಯ ಗಂಗವ್ವ ಸುಮ್ಮನಿರುವ ಹೆಂಗಸಲ್ಲ.

“ಏನ್ ತಮ್ಮಾ, ಸೊಸಿನ್ನ ಒಳಗ ಕರಕೊಳ್ಳಾಕ ನಿಂತೀಯೋ, ಆರಸಾಕ ನಿಂತೀಯೋ?”

“ರೇಶ್ಮಿ ಭಾಳ ಲಗೂ ಹತ್ತತೈತಿ ಕಾಕಿ,” ಎಂದರು ಭಾವ, ಬಕೆಟ್ಟಿನ ಹಿಡಿ ಬಿಡದೆ.

ಅವರಿಗೆ ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ನಾನು ಹಲಗೇರಿಗೆ ಹೆಣ್ಣು ನೋಡಲು ಹೋದ ಕಥೆ ಹೇಳುತ್ತೇನೆ. ನಾನೂ ಜೊತೆಗೆ ಹೋಗಿದ್ದೆ. ಹುಡುಗಿ ಚಹಾ ತಂದಳು, ಲಕ್ಷಣವಾಗಿದ್ದಳು. ಏನಾದರೂ ಕೇಳಪ್ಪ ಎಂದು ಹಿರಿಯರು ಒತ್ತಾಯ ಮಾಡಿದ್ದಕ್ಕೆ ಭಾವ ಗಂಟಲು ಸರಿಮಾಡಿಕೊಂಡು ಕೇಳಿದರು: “ನಿಮ್ಮ ಮನಿಗೆ ಬಾಗಲಾ ಎಷ್ಟ ಅದಾವು?”

“ಎರಡ್ರಿ,” ಎಂದಳು ಹುಡುಗಿ. “ಹಿತ್ತಲ ಬಾಗಲಾ ತಗಿಯೂದಿಲ್ರಿ. ಜ್ವಾಳದ ಚೀಲಾ ಅಡ್ಡ ಇಟ್ಟಾರ.”

ಭಾವ ಚಹಾದ ಕಪ್ಪು ಕೆಳಗಿಟ್ಟು ಎದ್ದವರೇ ಒಳಗೆ ಹೋದರು. ಹೋಗುವಾಗ ಅಡುಗೆಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದ ಒಲೆ ಆರಿಸಿದರು. ಆಮೇಲೆ ಜೋಳದ ಚೀಲ ಒಂದೊಂದೇ ಎತ್ತಿ ಪಕ್ಕಕ್ಕೆ ಇಡತೊಡಗಿದರು. ಹುಡುಗಿಯ ಅಪ್ಪ ನಮ್ಮ ಕಡೆ ತಿರುಗಿ, “ಹುಡುಗಿ ನೋಡಾಕ ಬಂದಾರೋ, ಹಮಾಲಿಗೆ ಬಂದಾರೋ?” ಎಂದರು. ಅರ್ಧ ಬೆಂದ ಮಿರ್ಚಿ ತಿಂದು ಎದ್ದು ಬಂದೆವು. ಆ ಹುಡುಗಿಗೆ ಮುಂದೆ ಒಳ್ಳೆಯ ಮನೆ ಸಿಕ್ಕಿತು, ದೇವರ ದಯೆ. ಅವಳ ತವರಿಗೆ ಹಿತ್ತಲ ಬಾಗಿಲೂ ಸಿಕ್ಕಿತು, ಅದು ಭಾವನ ದಯೆ.

ನಗುತ್ತೀರಿ. ನಾನೂ ನಕ್ಕವಳೇ. ಆದರೆ ಭಯ ಎನ್ನುವುದು ಕಣ್ಣುಬೇನೆ ಇದ್ದ ಹಾಗೆ. ಇದ್ದವರ ಮನೆಯಲ್ಲಿ ಇದ್ದರೆ ನಮಗೂ ಬರುತ್ತದೆ. ಮತ್ತು ಅವರ ಭಯ ಸುಳ್ಳು ಎನ್ನುವಂತೆಯೂ ಇರಲಿಲ್ಲ.

ನಮ್ಮೂರಿನ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚು. ಊರ ಹೊರಗೆ, ರಾಣೆಬೆನ್ನೂರಿನ ದಾರಿಗೆ ಒಂದು ಫ್ಯಾಕ್ಟರಿ. ಅಲ್ಲಿ ಆ ಬಣ್ಣವನ್ನು ಕಾಯಿಯಿಂದ ಬೇರೆ ಮಾಡುತ್ತಾರೆ. ಅದಕ್ಕೆ ಬಳಸುವ ದ್ರವಕ್ಕೆ ಸಾಲ್ವೆಂಟ್ ಅನ್ನುತ್ತಾರೆ. ನೋಡಲಿಕ್ಕೆ ನೀರು, ಗುಣದಲ್ಲಿ ಪೆಟ್ರೋಲಿನ ಒಡಹುಟ್ಟಿದ್ದು. ಅದರ ಆವಿಗೆ ಒಂದು ಕಿಡಿ ಮುಟ್ಟಿದರೆ ಯಂತ್ರಗಳ ಹಾಲ್‌ಗೆ ಹಾಲೇ ಹಾರಿಹೋಗುತ್ತದೆ. ಆ ಹಾಲ್‌ನ ಎರಡನೇ ಮಾಳಿಗೆಯಲ್ಲಿ, ಮೀಟರುಗಳು ತುಂಬಿದ ಪ್ಯಾನೆಲ್ ಮುಂದೆ ನಿಲ್ಲುವುದು ನಮ್ಮ ಮನೆಯವರ ಕೆಲಸ. ಸಂಜೆ ಬಂದು ಅಂಗಿ ಬಿಚ್ಚಿದರೆ ತಣ್ಣಗಿನ ಒಂದು ವಾಸನೆ. ಆ ಅಂಗಿಯನ್ನು ನಾನು ಒಲೆಯಿಂದ ದೂರ, ಹಿತ್ತಲಿನ ತಂತಿಗೆ ಹಾಕಿ, ಕೈ ತೊಳೆದುಕೊಂಡು ದೇವರ ಮುಂದೆ ಕೂರುತ್ತಿದ್ದೆ. ಆ ದಿನದ ದಯೆಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಒಂದು. ಅತ್ತೆಯ ಮೊಣಕಾಲು ನೋಯಲಿಲ್ಲ, ಎರಡು. ಮನೆಯವರು ಬಂದರು, ಮೂರು. ಮೂರನೆಯದನ್ನು ಎಣಿಸುವ ತನಕ ಮೊದಲಿನ ಎರಡರಲ್ಲಿ ಮನಸ್ಸೇ ಇರುತ್ತಿರಲಿಲ್ಲ, ಶಿವ ಕ್ಷಮಿಸಲಿ.

ಭಾವನಿಗೂ ಅದೇ ಫ್ಯಾಕ್ಟರಿಯಲ್ಲಿ ಕೆಲಸ. ಗೇಟಿನ ಪಕ್ಕದ ಸಣ್ಣ ತಗಡಿನ ಕೋಣೆಯಲ್ಲಿ ಒಂದು ದೊಡ್ಡ ಕೆಂಪು ವಾಲ್ವ್, ಅದನ್ನು ಕಾಯುವುದು. ಡೆಲ್ಯೂಜ್ ವಾಲ್ವ್ ಎಂದು ಅದರ ಹೆಸರು. ಏನದು ಎಂದು ನಾನು ಒಮ್ಮೆ ಕೇಳಿ ತಪ್ಪು ಮಾಡಿದೆ. ರೊಟ್ಟಿ ಆರುವ ತನಕ ಹೇಳಿದರು.

“ಈ ವಾಟಗ ಟಾಕಿಯಿಂದ ಬಂದ ನೀರು ಅಂತ ತಿಳಿ. ಹಾಲ್‌ಗೆ ಹೋಗಾಕ ಜಿದ್ದಿಗೆ ಬಿದ್ದು ಒತ್ತತಿರತೈತಿ,” ಎಂದು ನೀರಿನ ಲೋಟದ ಮೇಲೆ ನನ್ನ ರೊಟ್ಟಿ ಮುಚ್ಚಿದರು. “ಇದು ರಬ್ಬರ್. ಇದರ ಬೆನ್ನಿಗೂ ನೀರು ತುಂಬಿರತಾವು. ಅದಕ್ಕ ಮುಂದಿನ ನೀರು ಹೋಗಾಕ ಬರೂದಿಲ್ಲ.”

“ಅಂದ್ರ ನೀರನ್ನ ನೀರ ಹಿಡಕೊಂಡಿರತೈತ್ರಿ?”

“ಹೌದವಾ. ಹಾಲ್‌ನ ಮಾಳಿಗಿ ತುಂಬ ಒಂದು ಸಣ್ಣ ಪೈಪು ಹೋಗೇತಿ, ಒಳಗ ಬರೇ ಗಾಳಿ. ಆ ಪೈಪಿಗೆ ಅಲ್ಲಲ್ಲಿ ಗಾಜಿನ ಗುಳಿಗಿ ಅದಾವು, ಒಳಗ ಕುಂಕುಮದ ನೀರಿನಂಗ ಕೆಂಪಂದು. ಬೆಂಕಿಯ ಕಾವು ಬಡಿತು ಅಂದ್ರ ಗುಳಿಗಿ ಒಡೀತೈತಿ, ಗಾಳಿ ಹೊರಗ ಹೋಗತೈತಿ, ರಬ್ಬರಿನ ಬೆನ್ನಾಗಿನ ನೀರು ಜಾರತೈತಿ. ಆಮ್ಯಾಲ ಮುಂದಿನ ನೀರು ಯಾರ ಮಾತೂ ಕೇಳೂದಿಲ್ಲ. ಮಾಳಿಗಿಯ ಮೂಗು ಅಷ್ಟೂ ಒಮ್ಮೆಲೆ ಸುರೀತಾವು. ಇಲ್ಲಿ ಬೆಂಕಿ, ಅಲ್ಲಿ ಬೆಂಕಿ ಇಲ್ಲ ಅನ್ನೂ ಭೇದ ಇಲ್ಲ.”

ಮೂಗು ಎಂದರೆ ನೀರು ಸಿಡಿಸುವ ನಾಝಲ್‌ಗಳು. ಪ್ರತಿಯೊಂದು ಮೂಗೂ ಅವರಿಗೆ ಗುರುತು. ಯಾವುದಕ್ಕೆ ನೆಗಡಿ, ಯಾವುದು ಆರೋಗ್ಯ ಎಂದು ಊಟದಲ್ಲಿ ವರದಿ ಕೊಡುತ್ತಿದ್ದರು. ಅತ್ತೆ, “ನಮ್ಮ ಮೂಗಿನ ಮುಂದ ರೊಟ್ಟಿ ಆರಾಕತ್ತೇತಿ, ಅದನ್ನ ನೋಡೋ,” ಎಂದು ಬೈದ ಮೇಲೆಯೇ ನನ್ನ ರೊಟ್ಟಿ ನನಗೆ ತಿರುಗಿ ಬಂತು. ಅಡಿ ಪೂರಾ ಒದ್ದೆ.

ಇಷ್ಟೆಲ್ಲ ಪ್ರೀತಿ ಇದ್ದ ಮನುಷ್ಯ ಕೆಲಸದಲ್ಲಿ ಹೇಗೆ ಕೂರುತ್ತಿದ್ದರು ಗೊತ್ತೆ? ವಾಲ್ವಿಗೆ ಬೆನ್ನು ಹಾಕಿ! ಒಂದು ಕಬ್ಬಿಣದ ಕುರ್ಚಿ, ಅದರ ಮುಖ ಹೊರಗೆ, ಬೆನ್ನು ವಾಲ್ವಿಗೆ. ಫ್ಯಾಕ್ಟರಿಯ ತುಂಬ ಇದೇ ನಗೆ. ನಮ್ಮ ಮನೆಯವರೇ ಬಂದು ಹೇಳುತ್ತಿದ್ದರು: “ಅಣ್ಣ ಅದರ ಜೋಡಿ ಮಾತು ಬಿಟ್ಟವರಂಗ ಕುಂದ್ರತಾನ. ಸಂಸಾರ ಭಾಳ ದಿವಸದ್ದು, ಮಾರಿ ನೋಡೂದು ಬ್ಯಾಡಾಗೇತಿ.” ಭಾವ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಆ ವರ್ಷ ಮಹಾನವಮಿಯ ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ಫ್ಯಾಕ್ಟರಿಯವರು ಮನೆಮಂದಿಯನ್ನೆಲ್ಲ ಕರೆದಿದ್ದರು. ಯಂತ್ರ ನಿಲ್ಲಿಸಿ, ಸಾಲ್ವೆಂಟ್ ಹೊರಗೆ ಸಾಗಿಸಿ, ಹಾಲ್ ತೊಳೆದಿದ್ದರು. ಆದರೂ ಭಾವ ಕರ್ಪೂರ ಹಚ್ಚಲು ಬಿಡಲಿಲ್ಲ. ಅಯ್ಯನವರು ಎರಡು ಸೆಲ್ಲಿನ ಬ್ಯಾಟರಿಯನ್ನು ತಟ್ಟೆಯಲ್ಲಿಟ್ಟು ಆರತಿ ಬೆಳಗಿದರು. ನಾವೆಲ್ಲ ಬ್ಯಾಟರಿಯ ಬೆಳಕಿಗೆ ಕೈ ಚಾಚಿ ಕಣ್ಣಿಗೆ ಒತ್ತಿಕೊಂಡೆವು. ದೇವರು ಮನಸ್ಸಿನ ಭಾವ ನೋಡುತ್ತಾನೆ, ಬೆಳಕಿನ ಜಾತಿ ನೋಡುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹಾಲ್‌ನ ನಡುವೆ ಲಕ್ಷಣಕ್ಕೆಂದು ಮೆಣಸಿನಕಾಯಿಯ ಚೀಲಗಳನ್ನು ಗೋಪುರದಂತೆ ಪೇರಿಸಿದ್ದರು.

ನಾನು ಮನೆಯಿಂದಲೇ ಚೆಂಡು ಹೂವಿನ ಒಂದು ಮಾಲೆ ಕಟ್ಟಿಕೊಂಡು ಹೋಗಿದ್ದೆ, ಎತ್ತಿನ ಕೊರಳಿಗೆ ಹಾಕುವಷ್ಟು ದೊಡ್ಡದು. ನೀರು ಚಿಮುಕಿಸಿ ತಂದಿದ್ದರಿಂದ ಭಾರವೂ ಇತ್ತು. ಎಲ್ಲರೂ ಯಂತ್ರಗಳಿಗೆ ಹಾಕಿದರು. ಭಾವನ ವಾಲ್ವಿಗೆ ಯಾರೂ ಹಾಕಲಿಲ್ಲ. ನನಗೆ ಕೆಟ್ಟೆನಿಸಿತು. ಒಬ್ಬಳೇ ತಗಡಿನ ಕೋಣೆಗೆ ಹೋದೆ. ಕೆಂಪು ಬಳಿದುಕೊಂಡು ಅದು ನಮ್ಮ ಕದರಮಂಡಲಗಿ ಹನುಮಪ್ಪ ಸಿಂಧೂರದಲ್ಲಿ ನಿಂತ ಹಾಗೆಯೇ ನಿಂತಿತ್ತು. ಮಾಲೆ ಹಾಕಲು ಕೊರಳೆಲ್ಲಿ? ಒರೆಸಲೆಂದು ಬಾಗಿಲು ತೆಗೆದಿಟ್ಟಿದ್ದ ಒಂದು ಸಣ್ಣ ಡಬ್ಬಿಯೊಳಗಿಂದ ಒಂದೇ ಒಂದು ಹಿಡಿಕೆ ಮುಂದೆ ಚಾಚಿತ್ತು. ಸೈಕಲ್ಲಿನ ಹ್ಯಾಂಡಲ್ಲಿಗೆ ಹಾಕುವ ಹಾಗೆ ಅದಕ್ಕೇ ಹಾಕಿ ಕೈ ಮುಗಿದು ಕಣ್ಣು ಮುಚ್ಚಿದೆ.

ಅದು ಬೆಂಕಿ ಬಿದ್ದಾಗ ಕೈಯಿಂದ ಎಳೆಯುವ ಹಿಡಿಕೆ. ಮಾಲೆ ಎಳೆಯಿತು.

ಮೊದಲು ಯಾರೋ ನಿಟ್ಟುಸಿರು ಬಿಟ್ಟಂತೆ ಸದ್ದಾಯಿತು. ದೇವರು ಪ್ರಸನ್ನನಾದ ಎಂದುಕೊಂಡೆ. ಆಮೇಲೆ ಪೈಪುಗಳು ಗುಡುಗಿದವು, ಹಾಲ್‌ನೊಳಗಿಂದ ನೂರು ಜನರ ಕೂಗು ಒಟ್ಟಿಗೆ ಬಂತು. ನಾನು ಓಡಿ ಹೋಗಿ ನೋಡುವಷ್ಟರಲ್ಲಿ ಒಳಗೆ ಜಡಿಮಳೆ. ಮ್ಯಾನೇಜರ ಸಾಹೇಬರ ಹೊಸ ಧೋತರ ಕುಂಕುಮದ ನೀರಿನಲ್ಲಿ ಕೆಂಪಾಗಿತ್ತು. ಬಾಳೆಹಣ್ಣು ತೇಲುತ್ತಿದ್ದವು. ಅಯ್ಯನವರು ಬ್ಯಾಟರಿಯನ್ನು ಎದೆಗೆ ಅವುಚಿಕೊಂಡು, “ಗಂಗಾಮಾತಾ ತಾನಾಗಿ ಬಂದಾಳ, ಯಾರೂ ಅಂಜಬ್ಯಾಡ್ರಿ,” ಎನ್ನುತ್ತ ಎಲ್ಲರಿಗಿಂತ ಮೊದಲು ಹೊರಗೆ ಓಡಿದರು. ಮೆಣಸಿನಕಾಯಿಯ ಗೋಪುರ ತೊಯ್ದು ಕುಸಿದು ಕುಳಿತಿತ್ತು.

ಇಷ್ಟರ ನಡುವೆ ಒಬ್ಬರು ಮಾತ್ರ ತೊಯ್ದಿರಲಿಲ್ಲ. ನಮ್ಮ ಮನೆಯವರು. ತಮ್ಮ ಮಾಳಿಗೆಯ ಪ್ಯಾನೆಲ್ ಮುಂದೆ, ಇಸ್ತ್ರಿ ಮುರಿಯದ ಹೊಸ ಅಂಗಿಯಲ್ಲಿ, ನಗುತ್ತ ನಿಂತಿದ್ದರು. ಅವರ ತಲೆಯ ಮೇಲಿನ ಮೂಗು ಒಂದು ಹನಿಯನ್ನೂ ಬಿಟ್ಟಿರಲಿಲ್ಲ.

“ನಿನ್ನ ಗಂಡ ಪುಣ್ಯವಂತ ನೋಡವಾ,” ಎಂದರು ಹೆಂಗಸರು. ನನಗೂ ಹಾಗೇ ಅನಿಸಿತು. ಅಷ್ಟು ಅವಮಾನದಲ್ಲೂ ಆ ಸಂಜೆ ಗೆಣ್ಣು ಎಣಿಸುವಾಗ, ಮನೆಯವರ ಹೊಸ ಅಂಗಿ ಉಳಿಯಿತು, ಒಂದು ಎಂದು ಎಣಿಸಿದೆ.

ಭಾವ ಊಟಕ್ಕೆ ಬರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಹೆದರಿ ಹೆದರಿ ಹೋಗಿ, “ನನ್ನಿಂದ ತಪ್ಪಾತ್ರಿ ಭಾವಾರ,” ಎಂದೆ.

“ನಿಂದೇನೂ ತಪ್ಪಿಲ್ಲ ತಂಗಿ. ನೀ ಮಾಲಿ ಹಾಕಿದ್ದಕ್ಕ ಗೊತ್ತಾತು,” ಎಂದರು. ಧ್ವನಿ ಅವರದಾಗಿರಲಿಲ್ಲ. “ಎಲ್ಲಾರೂ ಒದ್ದಿ ಆದ್ರು. ಅವ ಒಬ್ಬನ ಆಗಲಿಲ್ಲ.”

ನಾನು ದಯೆ ಎಂದು ಎಣಿಸಿದ್ದು ಏನು ಎನ್ನುವುದು ಆಗ ತಿಳಿಯಿತು. ಅದು ಬೆಂಕಿಯ ದಿನವಾಗಿದ್ದರೆ?

ಮಾರನೆಯ ದಿನ ಏಣಿ ಹಾಕಿ ಆ ಮೂಗು ಬಿಚ್ಚಿ ತಂದರು. ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು, ಅಚ್ಚುಕಟ್ಟಾಗಿ, ನಮ್ಮ ಮನೆಯ ಜಂತಿಯಲ್ಲಿ ಕಟ್ಟುವ ಹಾಗೆಯೇ. ಆ ಹುಳ ಮನೆಯಲ್ಲಿ ಗೂಡು ಕಟ್ಟಿದರೆ ಶುಭ ಎಂದು ನಾನು ಎಂದೂ ಕೆಡವಿದವಳಲ್ಲ. ಅಂದು ಮನೆಯಲ್ಲಿದ್ದ ಗೂಡುಗಳನ್ನೂ ಕೆಡವಿದೆ, ಹುಳದ ಕ್ಷಮೆ ಕೇಳಿ. ಭಾವ ಮೂಗನ್ನು ನನ್ನ ಹಿತ್ತಲಿನಲ್ಲೇ ತೊಳೆದು, ಊದಿ ಊದಿ ನೋಡಿ, ಮತ್ತೆ ಕೂರಿಸಿ ಬಂದರು.

ಆದರೆ ಮೂಗು ತೆರೆದರೇನು, ಫ್ಯಾಕ್ಟರಿಯವರು ನೀರಿನ ಬಾಯಿಯನ್ನೇ ಮುಚ್ಚಿಬಿಟ್ಟರು. ಹಬ್ಬದ ದಿನ ಆದ ಗದ್ದಲಕ್ಕೆ ಮ್ಯಾನೇಜರ ಸಾಹೇಬರು ರೊಚ್ಚಿಗೆದ್ದಿದ್ದರು. ಅದೇ ತಗಡಿನ ಕೋಣೆಯಲ್ಲಿ, ವಾಲ್ವಿಗೆ ನೀರು ಬರುವ ದೊಡ್ಡ ಪೈಪಿಗೆ ಕೈಯಿಂದ ತಿರುಗಿಸುವ ಒಂದು ಚಕ್ರ ಇದೆ. ಅದನ್ನು ಪೂರ್ತಿ ಮುಚ್ಚಿಸಿ, ಸರಪಳಿ ಸುತ್ತಿಸಿ, ಕೀಲಿ ಹಾಕಿಸಿದರು. ಕೀಲಿಕೈ ಅವರ ಜೇಬಿನಲ್ಲಿ. ಇತ್ತ ಯಂತ್ರ ಮತ್ತೆ ಸುರುವಾಯಿತು, ಸಾಲ್ವೆಂಟ್ ಬಂತು, ನಮ್ಮ ಮನೆಯವರು ಪ್ಯಾನೆಲ್ ಮುಂದೆ ನಿಂತರು. ಮೇಲೆ ಅಷ್ಟೂ ಪೈಪು ಒಣ. ಎಲ್ಲ ನನ್ನ ಒಂದು ಮಾಲೆಯಿಂದ.

ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಹುಚ್ಚು ಸುರುವಾಯಿತು. ಮುಂಜಾನೆ ಎದ್ದರೆ ಭಾವ ಬೀಸುವ ಕಲ್ಲಿನ ಮುಂದೆ! ಗೂಟ ಹಿಡಿದು ಗರಗರ ತಿರುಗಿಸುವುದು, ಬಾಯಲ್ಲಿ ಎಣಿಕೆ. ಆ ಚಕ್ರ ಪೂರ್ತಿ ತೆರೆಯಲು ಮೂವತ್ತಾರು ಸುತ್ತು ಬೇಕಂತೆ. ತೋಳಿಗೆ ರೂಢಿ ಆಗಬೇಕಂತೆ. ಕೀಲಿ ಹಾಕಿದ ಚಕ್ರಕ್ಕೆ ರೂಢಿ ಯಾಕೆ ಎಂದು ಯಾರು ಕೇಳಬೇಕು? ಅತ್ತೆಗೆ ಬೇರೆಯದೇ ಸಂಕಟ.

“ಖಾಲಿ ಕಲ್ಲು ತಿರುವಬಾರದೋ, ಮನಿಗೆ ಕೇಡು.”

“ಹಂಗಾರ ಏನರೆ ಹಾಕ ಬೇ.”

ಅತ್ತೆ ಜೋಳ ಹಾಕಿದರು. ಗಿರಣಿಗೆ ಕೊಡುವುದು ನಿಂತುಹೋಗಿ, ವಾರದಲ್ಲಿ ಡಬ್ಬಿ ತುಂಬಿ, ಕೊಡ ತುಂಬಿ, ಗಂಗವ್ವನ ಮನೆಗೂ ಹಿಟ್ಟು ಹೋಯಿತು. “ನಿಮ್ಮ ಭಾವಗ ಇನ್ನೊಂದು ನಾಕ ದಿವಸ ಹಿಂಗ ಇರಲಿ,” ಎಂದಳು ಆಕೆ. “ರೊಟ್ಟಿ ಭಾಳ ಮಿದು ಬರಾಕತ್ತಾವು.”

ನನಗೆ ನಗಲಾಗಲಿಲ್ಲ. ಶನಿವಾರ ಮುಂಜಾನೆ ಹತ್ತಕ್ಕೆ ಫ್ಯಾಕ್ಟರಿಯವರು ಸೈರನ್ ಪರೀಕ್ಷೆ ಮಾಡುವುದು ಗೊತ್ತಿದ್ದೂ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು. ಮನೆಯವರು ಹೊಸ್ತಿಲು ದಾಟುವಾಗ ತಿರುಗಿ ನೋಡಬಾರದು ಎಂದುಕೊಂಡು ದಿನಾ ನೋಡುತ್ತಿದ್ದೆ. ಕೈ ಸುಮ್ಮನಿದ್ದರೆ ಯೋಚನೆ ಬರುತ್ತದೆಂದು, ತೊಯ್ದ ಮೆಣಸಿನಕಾಯಿಗಳನ್ನು ನಾನೇ ಒಣಗಿಸಿಕೊಡುತ್ತೇನೆಂದು ಹೇಳಿ ಕಳಿಸಿದೆ. ಚೀಲಗಳು ಬಂದವು. ಓಣಿಯ ಹೆಂಗಸರು ಕೂಡಿ, ಕೆಮ್ಮುತ್ತ, ಸೀನುತ್ತ, ಮಾಳಿಗೆ ಮಾಳಿಗೆಯ ಮೇಲೆ ಹರವಿ, ದಿನಕ್ಕೆ ನಾಲ್ಕು ಸಲ ಮಗ್ಗುಲು ತಿರುವಿ ಒಣಗಿಸಿದೆವು. ಬಿಸಿಲು ಚೆನ್ನಾಗಿ ಬಿತ್ತು. ಅದೊಂದು ದಯೆ, ಎಣಿಸಿದೆ.

ಒಣಗಿದ ಚೀಲಗಳನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ನಾನೇ ಫ್ಯಾಕ್ಟರಿಗೆ ಹೋದೆ. ಸಾಹೇಬರು ಒಂದು ಕಾಯಿ ಮುರಿದು ನೋಡಿ, “ಛೊಲೋ ಒಣಗ್ಯಾವು,” ಎಂದರು. ಅಲ್ಲಿಗೆ ಕೈ ಮುಗಿದು ಬರಬೇಕಿತ್ತು. ಬರಲಾಗಲಿಲ್ಲ.

“ಸಾಹೇಬ್ರ, ಮಾಲಿ ಹಾಕಿದಾಕಿ ನಾನು. ಶಿಕ್ಷಾ ನನಗ ಕೊಡ್ರಿ. ನೀರಿಗ್ಯಾಕ ಕೊಟ್ಟೀರಿ?”

“ಹಂಗಲ್ಲವಾ. ಮತ್ತ ಯಾರರೆ ಏನರೆ ಮಾಡಿ ಮಾಲೆಲ್ಲಾ ತೊಯಿಸಿದ್ರ? ಮ್ಯಾಲಿನವರಿಗೆ ಜವಾಬು ಕೊಡಾವ ನಾನು.”

“ತೊಯ್ದದ್ದನ್ನ ಬಿಸಲಿಗೆ ಹಾಕಿ ಒಣಗಿಸಿ ತಂದೇನ್ರಿ. ಸುಟ್ಟದ್ದನ್ನ ಯಾವ ಬಿಸಲಿಗೆ ಹಾಕಲಿ, ಹೇಳ್ರಿ?”

ಅವರು ಕೈಯಲ್ಲಿದ್ದ ಕಾಯಿಯನ್ನು ಚೀಲದೊಳಗೆ ಹಾಕಿದರು. ಕೆಟ್ಟವರಲ್ಲ, ಅವರಿಗೂ ಅವರದೊಂದು ಭಯ. “ನೀರು ಬಂದ್ ಇರಲಿ, ಮ್ಯಾಲಿನವರ ಪತ್ರಾ ಬರೂತನಕ,” ಎಂದರು. “ಕೀಲಿ ತಗಸತೇನಿ. ಅಷ್ಟ ನನ್ನ ಕೈಯಾಗ ಇರೂದು.”

ಚಕ್ರ ಮುಚ್ಚಿಯೇ ಇರುತ್ತದೆ, ಸರಪಳಿ ಮಾತ್ರ ಇರುವುದಿಲ್ಲ. ಇದನ್ನು ದಯೆ ಎಂದು ಎಣಿಸಬೇಕೋ ಬೇಡವೋ? ಆ ಸಂಜೆ ಗೆಣ್ಣಿನ ಮೇಲೆ ಹೆಬ್ಬೆರಳು ಇಟ್ಟು, ಅರ್ಧ ಎಂದೆ.

ಭಾವನಿಗೆ ಹೇಳಿದೆ. “ಸಾಕು ತಂಗಿ,” ಎಂದವರು ಮರುದಿನದಿಂದ ತಮ್ಮನ ಪಾಳಿ ಇದ್ದಾಗೆಲ್ಲ ತಾವೂ ಹೋಗತೊಡಗಿದರು. ತಮ್ಮ ಪಾಳಿ ಇರಲಿ, ಬಿಡಲಿ. ಜ್ವರ ಬಂದ ದಿನವೂ ಹೋದರು. ಬೀಸುವ ಕಲ್ಲು ಮಾತ್ರ ನಿಲ್ಲಲಿಲ್ಲ.

ಅದಾಗಿ ಒಂದು ಮಂಗಳವಾರ. ಮಧ್ಯಾಹ್ನ ಮೂರರ ಹೊತ್ತು. ಶೇಂಗಾ ಹುರಿಯುತ್ತಿದ್ದೆ. ಸೈರನ್ ಆಯಿತು.

ಶನಿವಾರ ಅಲ್ಲ, ಹತ್ತು ಗಂಟೆ ಅಲ್ಲ. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ. ಒಲೆ ಆರಿಸಿದೆ. ಗೂಡಿನಲ್ಲಿದ್ದ ಕಡ್ಡಿಪೊಟ್ಟಣ ತೆಗೆದು ನೀರಿನ ಕೊಡದೊಳಗೆ ಹಾಕಿದೆ. ಯಾಕೆ ಹಾಕಿದೆನೋ ಇವತ್ತಿಗೂ ಗೊತ್ತಿಲ್ಲ. ಮನೆಯಲ್ಲಿದ್ದ ಬೆಂಕಿಯನ್ನೆಲ್ಲ ಕೊಂದರೆ ಅಲ್ಲಿಯದೂ ಸಾಯುತ್ತದೆ ಎಂದು ತಲೆಯಲ್ಲಿ ಬಂದಿರಬೇಕು. ಕಾಲಿಗೆ ಚಪ್ಪಲಿ ಇಲ್ಲದೆ ಓಡಿ ಟಂಟಂ ಹತ್ತಿದೆ. ದಾರಿಯುದ್ದಕ್ಕೂ ಒಂದು ಹೆಸರೂ ಬಾಯಿಗೆ ಬರಲಿಲ್ಲ, ಶಿವನದೂ ಇಲ್ಲ, ಹನುಮಪ್ಪನದೂ ಇಲ್ಲ. ಮೂರನೆಯ ಗೆಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡಿದ್ದೆ.

ಗೇಟಿನ ಹತ್ತಿರ ಇಳಿದರೆ, ಹಾಲ್‌ನ ಬಾಗಿಲಡಿಯಿಂದ ಕೆಂಪು ನೀರು ಹರಿದು ಬರುತ್ತಿತ್ತು. ಮೆಣಸಿನಕಾಯಿಯ ಬಣ್ಣ ಎಂದು ಈಗ ಹೇಳುತ್ತೇನೆ. ಆಗ ಹಾಗೆ ಕಾಣಲಿಲ್ಲ. ಹೊರಗೆ ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ ಎಣಿಸುತ್ತಿದ್ದರು. ಎಲ್ಲರೂ ತೊಯ್ದಿದ್ದರು. ಸಾಲಿನಲ್ಲಿ ನಮ್ಮ ಮನೆಯವರು ಇರಲಿಲ್ಲ.

ಕಾವಲಿನವರು ನನ್ನನ್ನು ಹಿಡಿದು ನಿಲ್ಲಿಸಿದರು. “ಅಂಜಬ್ಯಾಡ್ರಿ. ಬೆಲ್ಟಿನ ಬೇರಿಂಗ್ ಕಾದು, ಬಣ್ಣ ತಗದ ಕಾಯಿಯ ಹಿಂಡಿಗೆ ಬೆಂಕಿ ಹತ್ತಿತ್ತು. ಮೂಲ್ಯಾಗ ಅಷ್ಟ, ಆರೇತಿ. ನಿಮ್ಮನಿಯವರು ಸಾಲ್ವೆಂಟ್ ಪೈಪು ಬಂದ್ ಮಾಡಾಕ ಅಂತ ಮ್ಯಾಲ ನಿಂತಾರ, ಇನ್ನೂ ಇಳದಿಲ್ಲ.” ತಿರುಗಿದರೆ ಪಕ್ಕದಲ್ಲೇ ತಗಡಿನ ಕೋಣೆ.

ಭಾವ ನೆಲದ ಮೇಲೆ, ವಾಲ್ವಿಗೆ ಒರಗಿ ಕುಳಿತಿದ್ದರು. ಎರಡೂ ಅಂಗೈ ಬಕೆಟ್ಟಿನ ನೀರಿನಲ್ಲಿ. ಚಕ್ರದ ಅಂಚಿಗೆ ಅಂಗೈಯ ಚರ್ಮ ಅಂಟಿತ್ತು. ಮೂವತ್ತಾರು ಸುತ್ತು. ಕಣ್ಣು ಮುಚ್ಚಿದ್ದರು.

“ಭಾವಾರ, ಅವರು ಇನ್ನೂ ಒಳಗ ಅದಾರಂತ.”

“ಗೊತ್ತೈತಿ.” ಕಣ್ಣು ತೆಗೆಯಲಿಲ್ಲ. “ತಂಗೀ, ಆ ಕುರ್ಚಿ ಮ್ಯಾಲ ಕುಂದ್ರು.”

ಇಷ್ಟು ವರ್ಷಗಳಲ್ಲಿ ನಾನು ಭಾವನ ಮುಂದೆ ಒಮ್ಮೆಯೂ ಕುಳಿತವಳಲ್ಲ. ನಮ್ಮಲ್ಲಿ ಹಾಗೆ ಕೂರುವುದಿಲ್ಲ. ಅದೂ ಅವರು ನೆಲದ ಮೇಲಿರುವಾಗ, ಅವರದೇ ಕುರ್ಚಿಯಲ್ಲಿ? ನಿಂತೇ ಇದ್ದೆ.

“ಕುಂದ್ರವಾ. ನಿಂತ್ರ ಕಾಣೂದಿಲ್ಲ, ತಗಡು ಅಡ್ಡ ಬರತೈತಿ. ನನಗ ನೋಡಾಕ ಧೈರ್ಯ ಸಾಲವಲ್ದು. ನೀ ನೋಡಿ ಹೇಳು.”

ಕುಳಿತೆ. ಆ ಕೆಂಪು ವಾಲ್ವಿಗೆ ಬೆನ್ನು ಹಾಕಿ, ಫ್ಯಾಕ್ಟರಿಗೆ ಫ್ಯಾಕ್ಟರಿಯೇ ವರ್ಷಾನುಗಟ್ಟಲೆ ನಕ್ಕ ಆ ಕಬ್ಬಿಣದ ಕುರ್ಚಿಯಲ್ಲಿ. ತಗಡಿನ ಅಂಚಿನ ಕೆಳಗೆ, ಎರಡು ಟಾಕಿಗಳ ನಡುವಿನ ಸಂದಿಯಲ್ಲಿ, ಒಂದೇ ಒಂದು ಕಿಟಕಿ ಕಂಡಿತು. ಎರಡನೇ ಮಾಳಿಗೆಯದು, ಪ್ಯಾನೆಲ್ ಇರುವ ಕಡೆಯದು. ಬೇರೇನೂ ಕಾಣುತ್ತಿರಲಿಲ್ಲ. ಆ ಕುರ್ಚಿಯಿಂದ ನೋಡಲು ಬೇರೇನೂ ಇರಲೇ ಇಲ್ಲ.

ಮೊದಲು ಬರೀ ಹಬೆ. ಆಮೇಲೆ ಒಂದು ತೋಳು ಬಂತು, ಒಂದು ಹಿಡಿಕೆ ತಿರುಗಿಸಿತು. ಆಮೇಲೆ ನಮ್ಮ ಮನೆಯವರು ಪೂರ್ತಿ ಕಿಟಕಿಗೆ ಬಂದು, ಅಂಗಿಯ ತುದಿ ಹಿಡಿದು ಹಿಂಡಿದರು.

“ಕಾಣತಾನ?” ಎಂದರು ಭಾವ.

“ಕಾಣಾಕತ್ತಾರ್ರಿ.”

“ಒದ್ದಿ ಆಗ್ಯಾನ?”

“ಪೂರಾ ತೊಯ್ದಾರ್ರಿ ಭಾವಾರ. ತಲಿಯಿಂದ ನೀರು ಇಳಿಯಾಕತ್ತಾವು.”

ಕಣ್ಣು ಮುಚ್ಚಿಕೊಂಡೇ ಭಾವ ಅಂದರು: “ಹಂಗಾರ ಆ ಮೂಗು ನೀರು ಬಿಟ್ಟೈತಿ.”